ಬಾವಿಯ ಮಧ್ಯಾಹ್ನದ ನಿದ್ದೆ

ಶ್ಯಾವಿಗೆ ಮಣೆ ಹುಡುಕಲು ಅಟ್ಟ ಹತ್ತಿದವಳಿಗೆ ಶ್ಯಾವಿಗೆ ಮಣೆ ಸಿಗಲಿಲ್ಲ. ನಮ್ಮ ಅಟ್ಟದ ಸ್ವಭಾವವೇ ಹಾಗೆ. ಕೇಳಿದ್ದನ್ನು ಅದು ಕೊಟ್ಟದ್ದು ನನಗೆ ನೆನಪಿಲ್ಲ. ಹಳೆಯ ಹಂಡೆಯ ಹಿಂದೆ ಗೋಣಿತಾಟಿನಲ್ಲಿ ಸುತ್ತಿಟ್ಟ ಗಂಟೊಂದು ಇತ್ತು. ಕೈ ಹಾಕಿದೆ, ಅದು ಬೆರಳಿಗೆ ಚುಚ್ಚಿತು. ಬಿಚ್ಚಿ ನೋಡಿದರೆ ಪಾತಾಳಗರಡಿ. ಒಂದು ಕಬ್ಬಿಣದ ಬಳೆ, ಅದರ ಸುತ್ತ ಇಳಿಬಿದ್ದ ಕೊಕ್ಕೆಗಳು, ಒಂದೊಂದು ಕೊಕ್ಕೆಗೂ ಮತ್ತೆ ಮರಿಕೊಕ್ಕೆಗಳು. ಕಮ್ಮಾರನೊಬ್ಬ ಸಿಟ್ಟಿನಲ್ಲಿ ಮಾಡಿದ ತೂಗುದೀಪದ ಹಾಗೆ ಕಾಣುತ್ತದೆ. ನಲ್ಲಿಯ ಕಾಲದಲ್ಲಿ ಹುಟ್ಟಿದವರಿಗಾಗಿ ಹೇಳಬೇಕು: ಬಾವಿಗೆ ಬಿದ್ದ ಕೊಡ, ತಂಬಿಗೆ, ಬಕೆಟ್ಟುಗಳನ್ನು ತಳದಲ್ಲಿ ತಡಕಾಡಿ ಮೇಲಕ್ಕೆತ್ತುವ ಸಾಧನವಿದು. ಹಗ್ಗ ಕಟ್ಟಿ ಇಳಿಬಿಟ್ಟರೆ ಯಾವುದಾದರೊಂದು ಕೊಕ್ಕೆಗೆ ಯಾವುದಾದರೊಂದು ಕಂಠ ಸಿಕ್ಕೇ ಸಿಗುತ್ತದೆ ಎಂಬ ಭರವಸೆಯ ಮೇಲೆ ಕೆಲಸ ಮಾಡುತ್ತದೆ.

ಕೆಳಗೆ ಏಣಿ ಹಿಡಿದು ನಿಂತಿದ್ದ ನಮ್ಮ ಮನೆಯವರು ಕೇಳಿದರು, “ಸಿಕ್ತೇನು?”

“ಮಣಿ ಸಿಗಲಿಲ್ಲ. ಪಾತಾಳಗರಡಿ ಸಿಕ್ತು.”

“ಗುಜರಿಯವ ಬಂದಾಗ ಹಾಕಿಬಿಡು. ಬಾವೀನ ಮುಚ್ಚಾಕ ಹತ್ತೀವಿ, ಇನ್ನ ಅದನ್ನ ಎಲ್ಲಿ ಇಳಿಬಿಡ್ತಿ?”

ಅವರು ಹೇಳಿದ್ದು ಸರಿಯಾಗಿತ್ತು. ನಾನು ಮಾತ್ರ ಏಣಿಯ ಮೇಲೇ ಕೂತುಬಿಟ್ಟೆ. ಮಾವಿನಕಾಯಿ ಕೊಯ್ಯಲು ಮರ ಹತ್ತಿ, ಗಾಳಿ ಹಿತವಾಗಿದೆಯೆಂದು ಅಲ್ಲೇ ಕೂತವರ ಹಾಗೆ.

ನಮ್ಮ ಹಿತ್ತಲ ಬಾವಿಯ ವಿಷಯ ಹೇಳದಿದ್ದರೆ ಇದು ನಿಮಗೆ ಅರ್ಥವಾಗಲಿಕ್ಕಿಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ನಮ್ಮ ಮೂರು ಮನೆಗಳಿರುವ ಜಾಗ ಹಿಂದೊಮ್ಮೆ ಒಂದೇ ದೊಡ್ಡ ಕಾಂಪೌಂಡು. ಯಾವನೋ ದೊರೆ ಅಲ್ಲಿ ಕುದುರೆ ಕಟ್ಟುತ್ತಿದ್ದನಂತೆ, ಕುದುರೆಗಳಿಗಾಗಿ ಬಾವಿ ತೋಡಿಸಿದನಂತೆ. ದೊರೆ ಹೋದ, ಕುದುರೆಗಳೂ ಹೋದವು. ಜಾಗ ಹೋಳಾಗಿ ಮನೆಗಳೆದ್ದಾಗ ಬಾವಿ ನಮ್ಮ ಪಾಲಿಗೆ ಬಂತು. ನಾವು ಅದರ ಬಾಯಿಗೆ ಕಡಪಾ ಕಲ್ಲು ಹೊದಿಸಿ, ಕಲ್ಲಿನ ಮೇಲೆ ಹೂವಿನ ಕುಂಡಗಳನ್ನಿಟ್ಟು, ಕುಂಡಗಳಿಗೆ ಬೋರಿನ ನೀರು ಹಾಕುತ್ತ ಬಂದೆವು. ಬಾವಿಯ ಮೇಲೆ ಬೋರಿನ ನೀರು ಸುರಿಯುವುದರಲ್ಲಿ ಏನಾದರೂ ವಿಚಿತ್ರವಿದೆ ಎಂದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು ನಾನು. ಅಂತರ್ಜಲದ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿ, ನೀಲಿ ಸೀಮೆಸುಣ್ಣದಲ್ಲಿ ಬಾಣ ಹಾಕಿ ಎಷ್ಟು ಮಕ್ಕಳನ್ನು ಪಾಸು ಮಾಡಿಸಿದ್ದೇನೆ. ಬಾಣಗಳೆಲ್ಲ ಬೋರ್ಡಿನ ಮೇಲೇ ಉಳಿದವು.

ಬೋರು ಮೂರು ಮನೆಗೂ ಸೇರಿದ್ದು. ಅದು ಇರುವುದು ಪಕ್ಕದ ಗಾದಿಲಿಂಗಪ್ಪನವರ ಗೋಡೆಯ ಮಗ್ಗುಲಲ್ಲಿ. ಗಾದಿಲಿಂಗಪ್ಪನವರಿಗೆ ಬ್ರೂಸ್‌ಪೇಟೆಯಲ್ಲಿ ಪೈಪು, ಮೋಟರುಗಳ ಅಂಗಡಿ. ದೊಡ್ಡ ಮನಸ್ಸಿನವರು, ದೊಡ್ಡ ದನಿಯವರು. ನೀರಿನ ಎಲ್ಲ ಕಷ್ಟಕ್ಕೂ ಅವರಲ್ಲಿ ಒಂದೇ ಮದ್ದು: ಇನ್ನೂ ಆಳಕ್ಕೆ ಹೋಗುವುದು. ಈ ಬೇಸಿಗೆ ಹುಟ್ಟುತ್ತಲೇ ನಮ್ಮ ಬೋರು ಕೆಮ್ಮತೊಡಗಿತು. ಮೊದಲು ಪೈಪು ಗಾಳಿ ಬಿಡುತ್ತದೆ, ಆಮೇಲೆ ಗೊರಗೊರ ಎನ್ನುತ್ತದೆ, ಆಮೇಲೆ ಒಂದಿಷ್ಟು ಕೆಂಪು ನೀರು ಉಗುಳಿ ಸುಮ್ಮನಾಗುತ್ತದೆ. ಹೊಸ ಬೋರು ಕೊರೆಸುವುದೆಂದು ಮಾತಾಯಿತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನೊಬ್ಬ ಬಂದ. ಮೂರೂ ಮನೆಯ ಹಿತ್ತಲು ಸುತ್ತಿದ. ತೆಂಗಿನಕಾಯಿ ಎದ್ದು ನಿಂತದ್ದು ನಮ್ಮ ಬಾವಿಯ ಪಕ್ಕದಲ್ಲಿ. ಬಾವಿಯ ಪಕ್ಕದಲ್ಲಿ ನಿಲ್ಲದೆ ಇನ್ನೆಲ್ಲಿ ನಿಂತೀತು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಅವನಿಗೆ ಕೈ ಮುಗಿದರು, ನಾನೂ ಮುಗಿದೆ. ಕೊರೆಯುವ ಲಾರಿ ಬಂದು ನಿಲ್ಲಬೇಕಾದರೆ ಬಾವಿ ಇರುವ ಜಾಗವೇ ಬೇಕು. ಆದ್ದರಿಂದ ಗಾದಿಲಿಂಗಪ್ಪನವರು ಕೆಡವಿಸಿದ ಹಳೆಯ ಅಡಿಗೆಮನೆಯ ಕಲ್ಲುಮಣ್ಣಿನಿಂದ ಬಾವಿ ಮುಚ್ಚಿಬಿಡುವುದೆಂದು ತೀರ್ಮಾನವಾಯಿತು. ಆ ತೀರ್ಮಾನ ಆದಾಗ ನಾನು ಚಹಾ ಸೋಸುತ್ತಿದ್ದೆ. ಸೋಸುತ್ತಲೇ ತಲೆಯಾಡಿಸಿದೆ.

ಈಗ ಏಣಿಯ ಮೇಲೆ, ತೊಡೆಯ ಮೇಲೆ ಪಾತಾಳಗರಡಿ ಇಟ್ಟುಕೊಂಡು ಕೂತಾಗ, ಬಾವಿ ಮುಚ್ಚುವುದು ಬೇಡ ಎಂದು ಬಲವಾಗಿ ಅನಿಸಿತು. ಯಾಕೆಂದು ಯಾರಾದರೂ ಕೇಳಿದ್ದರೆ ಹೇಳಲು ನನ್ನಲ್ಲಿ ಕಾರಣಗಳಿರಲಿಲ್ಲ, ಕುರುಗೋಡಿನ ಮಧ್ಯಾಹ್ನಗಳು ಮಾತ್ರ ಇದ್ದವು.

ಈ ಗರಡಿ ಕುರುಗೋಡಿನ ನಮ್ಮಜ್ಜಿಯದು, ಅವಳ ತರುವಾಯ ನನ್ನ ಪಾಲಿಗೆ ಬಂದದ್ದು. ಅಜ್ಜಿಯ ಹೆಸರು ದೊಡ್ಡಬಸಮ್ಮ. ಅವಳ ಮನೆ ಗುಡ್ಡದ ಬುಡದ ಓಣಿಯಲ್ಲಿ. ಅಲ್ಲಿ ಅಂಗಳ ಗುಡಿಸಿದರೂ ಕಸಬರಿಗೆಗೆ ಬಂಡೆ ತಾಗುತ್ತಿತ್ತು. ಆ ಬಂಡೆಯನ್ನೇ ಸೀಳಿ ಮಾಡಿದ ಬಾವಿ ಅವಳ ಅಂಗಳದಲ್ಲಿತ್ತು, ಇಡೀ ಓಣಿಗೆ ಅದೇ ಬಾವಿ. ಬಾಗಿಲ ಹಿಂದಿನ ಗೂಟಕ್ಕೆ ಈ ಗರಡಿ ತೂಗುತ್ತಿತ್ತು. ಓಣಿಯವರು ಮಾತ್ರವಲ್ಲ, ಆಚೆ ಓಣಿಯವರೂ ತಮ್ಮ ಬಾವಿಗೆ ಕೊಡ ಬಿದ್ದರೆ ಇದನ್ನು ಕೇಳಿಕೊಂಡು ಬರುತ್ತಿದ್ದರು. ಕೇಳಿದವರಿಗೆ ಇಲ್ಲ ಎನ್ನುವಂತಿಲ್ಲ. ಬರಿಗೈಯಲ್ಲಿ ಬಂದವರಿಗೆ ಕೊಡುವಂತೆಯೂ ಇಲ್ಲ. ಗರಡಿ ಒಯ್ಯುವವರು ತಮ್ಮ ಮನೆಯ ಪಾತ್ರೆಯೊಂದನ್ನು ಒತ್ತೆ ಇಟ್ಟು ಹೋಗಬೇಕು. ಗರಡಿ ತಂದುಕೊಟ್ಟ ದಿನ ಪಾತ್ರೆ ವಾಪಸು. ಇದು ಅಜ್ಜಿ ಮಾಡಿದ ನಿಯಮವಲ್ಲ. ಗರಡಿ ಇದ್ದ ಮನೆಗಳಲ್ಲೆಲ್ಲ ನಡೆದುಬಂದದ್ದು.

ಒಮ್ಮೆ ಅಜ್ಜಿಯ ಸ್ವಂತ ತಂಗಿಯೇ ಬರಿಗೈಯಲ್ಲಿ ಬಂದಳು.

“ಪಾತ್ರಿ ಎಲ್ಲೈತಿ?” ಎಂದಳು ಅಜ್ಜಿ.

“ನಾನೂ ಇಡಬೇಕೇನು? ನನ್ನ ಮ್ಯಾಲ ನಂಬಿಗಿ ಇಲ್ಲೇನಬೇ ನಿನಗ?”

“ನಿನ್ನ ಮ್ಯಾಲ ಐತಿ. ನಿನ್ನ ನೆನಪಿನ ಮ್ಯಾಲ ಇಲ್ಲ.”

ತಂಗಿ ಗೊಣಗುತ್ತ ಹೋಗಿ ಒಂದು ಬೋಗುಣಿ ತಂದಿಟ್ಟಳು. ಹೀಗಾಗಿ ಅಜ್ಜಿಯ ಅಡಿಗೆಮನೆಯಲ್ಲಿ ಯಾವಾಗಲೂ ಇನ್ನೊಬ್ಬರ ಮನೆಯದೊಂದು ಪಾತ್ರೆ ಇರುತ್ತಿತ್ತು. ಒತ್ತೆ ಪಾತ್ರೆ ಬಳಸಬಾರದೆಂಬ ಮಡಿವಂತಿಕೆ ಅಜ್ಜಿಗೆ ಇರಲಿಲ್ಲ. ಅದರಲ್ಲೇ ನನಗೆ ಮಜ್ಜಿಗೆ ಕೊಡುತ್ತಿದ್ದಳು. ಕುಡಿಯುವ ಮೊದಲು ನಾನು ಪಾತ್ರೆಯೊಳಗೆ ಮೂಗು ಇಟ್ಟು ವಾಸನೆ ನೋಡುತ್ತಿದ್ದೆ. ಒಂದಕ್ಕೆ ಬೆಲ್ಲದ ವಾಸನೆ, ಇನ್ನೊಂದಕ್ಕೆ ಹುಳಿಬಾನದ, ಹುಳಿ ಬಂದ ಜೋಳದ ಅಂಬಲಿಯ ವಾಸನೆ. ಕಣ್ಣು ಮುಚ್ಚಿದರೆ ನಾನು ಆ ಮನೆಯ ಒಲೆಯ ಮುಂದೆ ಕೂತಿರುತ್ತಿದ್ದೆ. ಆ ಮನೆಯವರಿಗೆ ಅದು ಗೊತ್ತೇ ಇರುತ್ತಿರಲಿಲ್ಲ.

ಅಜ್ಜಿ ಗರಡಿ ಬಿಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಬಗ್ಗಿ ನೋಡುವ ಮಕ್ಕಳನ್ನು ಹಿಂದಕ್ಕೆ ತಳ್ಳುತ್ತಿದ್ದಳು, ನೋಡಿದರೆ ಕೈಗೆ ಕಾಣುವುದಿಲ್ಲ ಎನ್ನುತ್ತಿದ್ದಳು. ಹಗ್ಗ ನಿಧಾನವಾಗಿ ಅವಳ ಬೆರಳುಗಳ ನಡುವೆ ಅತ್ತ ಇತ್ತ ಓಡಾಡುವುದು, ಆಳದಲ್ಲಿ ಟಣ್ ಎಂದು ಸಣ್ಣ ಸದ್ದಾಗುವುದು, ಸುತ್ತ ನಿಂತ ಹೆಂಗಸರೆಲ್ಲ ಉಸಿರು ಹಿಡಿಯುವುದು. ಹುಡುಕಿದ್ದೊಂದು, ಬಂದದ್ದೊಂದು ಆಗುವುದೇ ಹೆಚ್ಚು. ಹಂಪಮ್ಮ ಎಂಬಾಕೆ ಆ ಓಣಿಗೆ ಹೊಸ ಸೊಸೆಯಾಗಿ ಬಂದಾಗ ಕಳೆದುಕೊಂಡ ತಂಬಿಗೆ, ಅವಳ ಮಗನಿಗೆ ಮೀಸೆ ಬಂದ ಮೇಲೆ, ಬೇರೆ ಯಾರದೋ ಬಕೆಟ್ಟು ಹುಡುಕುವಾಗ ಮೇಲೆ ಬಂತು. ಅತ್ತೆಯ ಕೈಯಲ್ಲಿ ಅದಕ್ಕಾಗಿ ಎಷ್ಟು ಬೈಸಿಕೊಂಡಿದ್ದಳೋ. ಕೆಸರು ಒರೆಸಿ ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ಇಷ್ಟ ಸಣ್ಣದಿತ್ತೇನು ಇದು?” ಎಂದಳು. ಆಮೇಲೆ ಬಾವಿಕಟ್ಟೆಯ ಮೇಲೆ ಕೂತು ಬಹಳ ಹೊತ್ತು ನಗುತ್ತಿದ್ದಳು.

ನಾನು ಕುರುಗೋಡಿನವಳಲ್ಲ. ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ, ಭತ್ತದ ಗದ್ದೆಗಳ ನಡುವೆ. ಕರೂರಿನಲ್ಲಿ ನೀರೆಂದರೆ ಎಲ್ಲೆಲ್ಲೂ ನೀರು. ಕಾಲುವೆ ಬಿಟ್ಟ ತಿಂಗಳುಗಳಲ್ಲಿ ನಮ್ಮ ಹಿತ್ತಲ ಬಾವಿ ತಾನೇ ಏರಿ ಬರುತ್ತಿತ್ತು, ಬಗ್ಗಿ ತಂಬಿಗೆಯಲ್ಲೇ ಮೊಗೆಯಬಹುದಿತ್ತು. ಕಾಲುವೆ ನಿಂತರೆ ಬಾವಿಯೂ ಇಳಿಯುತ್ತಿತ್ತು. ರಾತ್ರಿ ಹಾಸಿಗೆಯಲ್ಲಿ ಅಪ್ಪನ ಎದೆ ಏರಿಳಿಯುವುದನ್ನು ನೋಡಿದ್ದ ನಾನು, ಬಾವಿಯೂ ಉಸಿರಾಡುತ್ತದೆ ಎಂದೇ ತಿಳಿದಿದ್ದೆ. ಆದರೆ ಆ ನೀರು ಬಾಯಿಗೆ ಇಡುವಂತಿರಲಿಲ್ಲ. ಗದ್ದೆಗೆ ಸುರಿದು ಸುರಿದು ಎರೆಮಣ್ಣು ಬೆಳ್ಳಗೆ ಸವಳು ಕಾರುತ್ತಿತ್ತು, ಬಾವಿಗೂ ಅದೇ ರುಚಿ. ಬೇಕಾದಷ್ಟಿದ್ದ ನೀರನ್ನು ನಾವು ಕಾಲು ತೊಳೆಯಲು, ಅಂಗಳಕ್ಕೆ, ಎಮ್ಮೆಗೆ ಚೆಲ್ಲಿದೆವು. ಕುಡಿಯುವ ನೀರಿಗೆ ಮಾತ್ರ ಕೆರೆಗೆ ಕೊಡ ಹೊತ್ತು ನಡೆದೆವು.

ಬೇಸಿಗೆ ರಜೆಗೆ ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಕುರುಗೋಡಿಗೆ ಬಂದು ಇಳಿದವಳು, ಮೊದಲನೆಯ ದಿನವೇ ಅಜ್ಜಿಯ ಮುಂದೆ ಕಾಲಿಗೆ ಒಂದು ಕೊಡ ನೀರು ಸುರಿದುಕೊಂಡೆ. ಅಜ್ಜಿ ಬೈಯಲಿಲ್ಲ. ಗಲ್ಲಕ್ಕೆ ಕೈ ಹಚ್ಚಿ ಓಣಿಯವರಿಗೆಲ್ಲ ನನ್ನನ್ನು ತೋರಿಸಿದಳು.

“ನೋಡ್ರಬೇ, ಕಾಲುವಿ ಮಂದಿ ಬಂದಾರ. ಇವರ ಕಾಲಿಗೇ ಒಂದು ಕೊಡ ಬೇಕಂತ. ಇನ್ನ ತಲಿಗೆ ಹೊಳಿನ ತರಬೇಕು.”

ಆ ಓಣಿಯಲ್ಲಿ ನನ್ನ ಹೆಸರು ಕಾಲುವಿ ಎಂದೇ ಆಯಿತು. ಮುಂದೆ ಮದುವೆಯಾಗಿ ಬಳ್ಳಾರಿಗೆ ಬಂದು, ಮಗುವನ್ನು ಎತ್ತಿಕೊಂಡು ಅಜ್ಜಿಯನ್ನು ನೋಡಲು ಹೋದಾಗಲೂ, “ಕಾಲುವಿ ಬಂತು, ಸಣ್ಣ ಕಾಲುವೀನೂ ತಂದೈತಿ” ಎಂದು ಯಾರೋ ಕೂಗಿದರು.

ಬೇಸಿಗೆಯಲ್ಲಿ ಅಜ್ಜಿಯ ಬಾವಿ ಮಧ್ಯಾಹ್ನ ಮಲಗುತ್ತಿತ್ತು. ಇದನ್ನೇ ಹೇಳಬೇಕೆಂದು ಇಷ್ಟು ಸುತ್ತಿದೆ. ಗೋಡೆಯಲ್ಲಿ ಹೊರಗೆ ಚಾಚಿದ ಒಂದು ಕಲ್ಲು ಇತ್ತು. ನೀರು ಇಳಿದು ಆ ಕಲ್ಲು ಕಂಡಿತೆಂದರೆ, ಅಂದಿನಿಂದ ಮಳೆ ಬರುವ ತನಕ ನಿಯಮ ಶುರು. ಮಧ್ಯಾಹ್ನದ ಊಟ ಮುಗಿದ ಮೇಲೆ ಅಜ್ಜಿ ಹೋಗಿ ರಾಟೆಯಿಂದ ಹಗ್ಗ ಬಿಚ್ಚಿ ಸುರುಳಿ ಸುತ್ತಿ ತಂದು ತಲೆದಿಂಬಿನ ಹಾಗೆ ಇಟ್ಟುಕೊಂಡು ಪಡಸಾಲೆಯಲ್ಲಿ ಮಲಗುವಳು. ಸಂಜೆ ದೀಪ ಹಚ್ಚಿದ ಮೇಲೇ ಹಗ್ಗ ಮತ್ತೆ ರಾಟೆಗೆ. ಅಷ್ಟು ಹೊತ್ತು ಯಾರೂ ನೀರು ಸೇದುವಂತಿಲ್ಲ. ಮನೆಗೆ ನೆಂಟರು ಬಂದರೂ ಇಲ್ಲ, ಮದುವೆಯಿದ್ದರೂ ಇಲ್ಲ.

“ಬಾವಿ ಮಲಗೈತಿ, ಎಬ್ಬಿಸಬ್ಯಾಡ್ರಿ” ಎನ್ನುತ್ತಿದ್ದರು ಓಣಿಯ ದೊಡ್ಡವರೆಲ್ಲ. ಮನೆಯಲ್ಲಿ ಕೂಸು ಮಲಗಿದಾಗ ಹೇಳುವ ದನಿಯಲ್ಲೇ ಹೇಳುತ್ತಿದ್ದರು. ಬಾವಿಯ ಹತ್ತಿರ ಆಡುವ ನಾವು ಮಕ್ಕಳೂ ಪಿಸುಪಿಸು ಮಾತಾಡುತ್ತಿದ್ದೆವು.

“ಬಾವಿ ಕಣ್ಣು ಮುಚ್ಚತೈತೇನಜ್ಜಿ?” ಎಂದು ಕೇಳಿದ್ದೆ.

“ಅದಕ್ಕ ಇರೋದ ಒಂದ ಕಣ್ಣು. ಅದನ್ನೂ ಮುಚ್ಚಿದ್ರ ಸೆಲಿಗೆ ದಾರಿ ಹೆಂಗ ಕಾಣಬೇಕು? ಕಣ್ಣು ತಕ್ಕೊಂಡ ಮಲಗತೈತಿ.”

ಆ ಮಧ್ಯಾಹ್ನಗಳು ಎಷ್ಟು ಉದ್ದವಿದ್ದವು. ಗುಡ್ಡದ ಕಲ್ಲು ಕಾದು ಗಾಳಿ ನಡುಗುವುದು. ಬೇವಿನ ಮರದ ಕೆಳಗೆ ಆಡುಗಳು ಕಣ್ಣು ಅರೆ ಮುಚ್ಚಿ ಮೆಲುಕು ಹಾಕುವುವು. ನಾನು ಅಜ್ಜಿಯ ಪಕ್ಕ ತಣ್ಣನೆಯ ಬಂಡೆಯ ನೆಲಕ್ಕೆ ಕಿವಿ ಹಚ್ಚಿ ಮಲಗುತ್ತಿದ್ದೆ. ನೆಲದೊಳಗೆ ಎಲ್ಲೋ ಹನಿ ಬೀಳುವ ಸದ್ದು ಕೇಳಿಸುತ್ತದೆ ಎಂದು ನಾನು, ಅದು ನಿನ್ನ ಹೊಟ್ಟೆಯೊಳಗಿನ ಮಜ್ಜಿಗೆಯ ಸದ್ದು ಎಂದು ಅಜ್ಜಿ. ಹಗ್ಗದ ಹಸಿ ನಾರಿನ ವಾಸನೆ ಅವಳ ಕೂದಲಿಗೂ ಹತ್ತಿರುತ್ತಿತ್ತು. ನಾನು ಯಾವಾಗ ನಿದ್ದೆ ಹೋಗುತ್ತಿದ್ದೆನೋ ತಿಳಿಯದು. ಸಂಜೆ ಅವಳೇ ಕೈಹಿಡಿದು ಕರೆದುಕೊಂಡು ಹೋಗಿ ಬಾವಿಯೊಳಗೆ ತೋರಿಸುತ್ತಿದ್ದಳು. ಮಧ್ಯಾಹ್ನ ಒಣಗಿದ್ದ ಕಲ್ಲಿನ ಕೆಳಗಿನ ಗೋಡೆ ಈಗ ಒಂದಿಷ್ಟು ಎತ್ತರಕ್ಕೆ ಕಪ್ಪಗೆ ಹಸಿಯಾಗಿರುತ್ತಿತ್ತು.

“ನೋಡು, ನಿದ್ದಿ ಮಾಡಿ ಎದ್ದೈತಿ” ಎನ್ನುತ್ತಿದ್ದಳು.

ಬಂಡೆಯ ಬಿರುಕಿನಿಂದ ನೀರು ಜಿನುಗಲು ಹೊತ್ತು ಬೇಕು, ಆ ಹೊತ್ತನ್ನು ಬಾವಿಗೆ ಕೊಡಬೇಕು ಎಂಬುದಷ್ಟೇ ಅದರ ಅರ್ಥ. ಇದನ್ನು ನಾನು ಬಹಳ ವರ್ಷಗಳ ಮೇಲೆ ಪುಸ್ತಕದಲ್ಲಿ ಓದಿದೆ. ಪುಸ್ತಕದಲ್ಲಿ ನಿದ್ದೆಯ ಮಾತು ಇರಲಿಲ್ಲ. ನನಗಂತೂ ಇವತ್ತಿಗೂ ಅಜ್ಜಿಯ ಮಾತೇ ಸರಿ ಎನಿಸುತ್ತದೆ.

“ಅಲ್ಲೇ ಸಂಸಾರ ಮಾಡ್ತೀ ಏನು?” ಎಂದು ಕೆಳಗಿನಿಂದ ನಮ್ಮ ಮನೆಯವರು ಕೇಳಿದಾಗ ನಾನು ಏಣಿ ಇಳಿದೆ. ಶ್ಯಾವಿಗೆ ಮಣೆಯ ಸುದ್ದಿ ಅಲ್ಲಿಗೆ ಮುಗಿಯಿತು.

ಆ ಸಂಜೆ ನಮ್ಮ ಕಟ್ಟೆಯ ಮೇಲೆ ಮೂರೂ ಮನೆಯವರು ಸೇರಿದ್ದೆವು. ಗಾದಿಲಿಂಗಪ್ಪನವರು ಬೇಸರದಲ್ಲಿದ್ದರು. ಕೊರೆಯುವ ಲಾರಿಯವರಿಗೆ ಇದೇ ಸುಗ್ಗಿ, ಲಾರಿ ಆದೋನಿ ಕಡೆ ಹೋಗಿದೆ, ಬರುವುದು ತಡವಾಗುತ್ತದೆ ಎಂದು ಫೋನು ಬಂದಿತ್ತಂತೆ. ನನಗೆ ಅದೇ ಸಮಯ ಅನಿಸಿತು.

“ಲಾರಿ ಬರೋತನಕ ಒಂದು ಕೆಲಸ ಮಾಡೋಣ” ಎಂದೆ. “ಮಧ್ಯಾಹ್ನ ಊಟ ಆದಮ್ಯಾಲ ಮೋಟರ್ ಹಚ್ಚೋದು ಬ್ಯಾಡ. ಸಂಜಿ ದೀಪ ಹಚ್ಚಿದಮ್ಯಾಲ ಹಚ್ಚೋಣ. ಬೋರಿಗೆ ಒಂದು ನಿದ್ದಿ ಆಗಲಿ.”

ಗಾದಿಲಿಂಗಪ್ಪನವರು ನನ್ನನ್ನು ಬಿಟ್ಟು ನಮ್ಮ ಮನೆಯವರನ್ನು ನೋಡಿದರು. “ಅಕ್ಕಾರಿಗೆ ಬಿಸಲು ಬಡದೈತೇನ್ರಿ ಸರ?”

“ಅಟ್ಟದ ಮ್ಯಾಲ ಭಾಳ ಹೊತ್ತು ಕುಂತಿದ್ಲು” ಎಂದರು ನಮ್ಮ ಮನೆಯವರು, ನನ್ನ ಕಡೆ ನೋಡದೆ.

ಮೂರನೆಯ ಮನೆಯ ಮಾಬುನ್ನಿ ನನಗೆ ದನಿಗೂಡಿಸಿದಳು. “ಹೂಂ ಅನ್ರಿ ಅಣ್ಣಾರ. ಆ ಮೋಟರ್ ಗುಂಯ್ ಅನ್ನಾಕ ಹತ್ತಿದ್ರ ನನಗ ಮಧ್ಯಾಹ್ನ ಕಣ್ಣ ಹತ್ತಂಗಿಲ್ಲ. ಬೋರಿನ ಹೆಸರಿನ್ಯಾಗ ನಾನೂ ಮಲಗ್ತೀನಿ.”

ಗಾದಿಲಿಂಗಪ್ಪನವರು ನಕ್ಕರು. ಅವರ ನಗು ದೊಡ್ಡದು, ಅದರಲ್ಲಿ ವಿಷವಿಲ್ಲ. “ಆತು ಬಿಡ್ರಿ ಅಕ್ಕಾರ, ಲಾರಿ ಬರೋತನಕ ಮಲಗಲಿ. ಆದ್ರ ನಡುವ ಬೋರು ಒಮ್ಮಿ ಕೆಮ್ಮಿತಂದ್ರ, ಬಾವಿಗೆ ಮೊದಲನೇ ಬುಟ್ಟಿ ಮಣ್ಣು ನೀವ ಹಾಕಬೇಕು. ಹಾಕ್ತೀರೇನು?”

“ಹಾಕ್ತೀನಿ” ಎಂದೆ.

ಮಾರನೆಯ ದಿನ ಮಾಬುನ್ನಿ ಮೋಟರಿನ ಸ್ವಿಚ್ಚಿಗೆ ಹಸಿರು ಬಟ್ಟೆಯ ತುಂಡೊಂದನ್ನು ಹೊದಿಸಿದಳು. ಊಟದ ಮೇಲೆ ಹೊದಿಸುವುದು, ಸಂಜೆ ತೆಗೆಯುವುದು, ಅವಳೇ ವಹಿಸಿಕೊಂಡ ಕೆಲಸ. ಮೊದಮೊದಲು ಎಲ್ಲರಿಗೂ ತಮಾಷೆ. ಮಧ್ಯಾಹ್ನ ಎದುರಾದರೆ ಗಾದಿಲಿಂಗಪ್ಪನವರು ತುಟಿಯ ಮೇಲೆ ಬೆರಳಿಟ್ಟು ಕಳ್ಳಹೆಜ್ಜೆಯಲ್ಲಿ ನಡೆದು ತೋರಿಸುತ್ತಿದ್ದರು. ಮೂರು ಗಂಟೆಗೆ ಸ್ನಾನ ಮಾಡುವ ಚಟದ ನಮ್ಮ ಮನೆಯವರು ಬೆಳಿಗ್ಗೆಯೇ ಬಕೆಟ್ಟು ತುಂಬಿಸಿ, ಅದಕ್ಕೆ ಮುಚ್ಚಳ ಮುಚ್ಚಿ, ಬೇರೆ ಯಾರೂ ಮುಟ್ಟದಂತೆ ಕಾಯತೊಡಗಿದರು. ಆದರೆ ಮೋಟರಿನ ಸದ್ದು ನಿಂತ ನಮ್ಮ ಮಧ್ಯಾಹ್ನಗಳಿಗೆ ಮೆಲ್ಲನೆ ಮತ್ತೊಂದು ಬಣ್ಣ ಬಂತು. ಎಲ್ಲೋ ಅಳಿಲು ಕೂಗುವುದು, ದೂರದ ರಸ್ತೆಯ ಆಟೋ, ಬೇವಿನ ಹೂವು ಉದುರುವಷ್ಟು ಮೌನ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಈ ಮನೆಯ ಮಧ್ಯಾಹ್ನವನ್ನು ನಾನು ಕೇಳಿಯೇ ಇರಲಿಲ್ಲ.

ಕುಂಡಗಳನ್ನು ಬದಿಗಿಟ್ಟು ಕಡಪಾ ಕಲ್ಲು ಸರಿಸಿಸಿದೆ. ಬಗ್ಗಿ ನೋಡಿದರೆ ಬಹಳ ಕೆಳಗೆ ಒಂದು ತಟ್ಟೆಯಷ್ಟು ಆಕಾಶ. ಗರಡಿಗೆ ಹಗ್ಗ ಕಟ್ಟಿ, ಅಜ್ಜಿಯ ಹಾಗೆ ಕಣ್ಣು ಮುಚ್ಚಿ ಇಳಿಬಿಟ್ಟೆ. ಬಂದದ್ದು ಒಂದು ರಬ್ಬರ್ ಚಪ್ಪಲಿ, ಒಂದು ಸೌಟು, ಮುರಿದ ಕುರ್ಚಿಯ ಕಾಲು. ಕುದುರೆಯ ಲಾಳವಾದರೂ ಬಂದೀತೆಂದು ಆಸೆಪಟ್ಟಿದ್ದೆ, ಬರಲಿಲ್ಲ. ಆಳುಗಳನ್ನು ಇಳಿಸಿ ಕಸವನ್ನೆಲ್ಲ ತೆಗೆಸಿದೆವು. ನಮ್ಮ ಬಾವಿಯ ಗೋಡೆಯಲ್ಲೂ ಒಂದು ಕಲ್ಲು ಹೊರಗೆ ಚಾಚಿತ್ತು. ನೀರಿಗಿಂತ ಸಾಕಷ್ಟು ಮೇಲೆ, ಒಣಗಿ ಬೂದಿ ಬಣ್ಣವಾಗಿತ್ತು. ಅಂದಿನಿಂದ ಸಂಜೆ ದೀಪ ಹಚ್ಚಿದ ಕೂಡಲೇ ಟಾರ್ಚು ಹಿಡಿದು ಆ ಕಲ್ಲನ್ನು ನೋಡುವುದು ನನ್ನ ನಿತ್ಯದ ಪೂಜೆಯಾಯಿತು. ಬೋರಿಗೂ ಬಾವಿಗೂ ಒಂದೇ ಬಂಡೆಯ ಬಿರುಕುಗಳು ಎಂದು ನಾನೇ ಪಾಠ ಹೇಳಿದವಳು. ಆದರೂ ಪ್ರತಿ ಸಂಜೆ ಎರಡೆರಡು ಸಲ ಬಗ್ಗಿ ನೋಡುತ್ತಿದ್ದೆ. ನನ್ನ ಕೈಯಿಂದಲೇ ಆ ಕಣ್ಣಿನ ಮೇಲೆ ಮಣ್ಣು ಹಾಕಬೇಕಾದೀತೆಂಬ ಭಯ ನನಗೆ ನಿಜವಾಗಿಯೂ ಇತ್ತು.

ಬೋರು ಕೆಮ್ಮಲಿಲ್ಲ. ನೀರು ಹೆಚ್ಚೇನೂ ಬರಲಿಲ್ಲ, ಬಂದಷ್ಟು ತಿಳಿಯಾಗಿ ಬಂತು. ಬಾವಿಯ ನೀರು ಮಾತ್ರ ದಿನಕ್ಕಿಷ್ಟು ಏರುತ್ತ ಬಂದು ಒಂದು ಸಂಜೆ ಆ ಕಲ್ಲಿನ ಬುಡ ಮುಟ್ಟಿತು. ನಾನು ಎಲ್ಲರನ್ನೂ ಕರೆದು ತೋರಿಸಿದೆ. ರಾಟೆ ಹಾಕಿಸಿದೆವು. ಗಾದಿಲಿಂಗಪ್ಪನವರ ಹೆಂಡತಿ ನಾಗವೇಣಿ ಬಟ್ಟೆ ಒಗೆಯಲು, ಗಿಡಕ್ಕೆ ಹಾಕಲು ಇಲ್ಲಿಂದಲೇ ಸೇದತೊಡಗಿದಳು. ಸೇದುವಾಗ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದಳು. ಗಾದಿಲಿಂಗಪ್ಪನವರು ಒಂದು ದಿನ ಅಂಗಡಿಯಿಂದ ಬರುವಾಗ ಹೊಸ ಹಗ್ಗದ ಸುರುಳಿ ತಂದು ಕಟ್ಟೆಯ ಮೇಲೆ ಇಟ್ಟು ಹೋದರು. ಲಾರಿಯ ಮಾತನ್ನು ಮಾತ್ರ ಅವರು ಬಿಡಲಿಲ್ಲ. ಮುಂದಿನ ಬೇಸಿಗೆಗೆ ಏನು ಮಾಡ್ತೀರಿ ಎಂದು ಕೇಳುತ್ತಿದ್ದರು.

ಅವರ ಮಗಳ ಕುಬಸದ ದಿನ ಬಂತು. ಬಸುರಿ ಮಗಳಿಗೆ ಹಸಿರು ಸೀರೆ ಉಡಿಸಿ ಆರತಿ ಮಾಡುವ ಕಾರ್ಯ. ಮನೆ ತುಂಬ ನೆಂಟರು. ಮರುದಿನ ಬೆಳಿಗ್ಗೆ ಲಾರಿ ಬರುತ್ತದೆ ಎಂದು ಅದೇ ದಿನ ಫೋನೂ ಬಂದಿತ್ತು. ನಾನು ಉಂಡು ಬಂದು, ಭಾರವಾದ ಹೊಟ್ಟೆ, ಇನ್ನೂ ಭಾರವಾದ ಮನಸ್ಸು ಹೊತ್ತು ಮಲಗಿದೆ. ಕನಸಿನಲ್ಲಿ ಅಜ್ಜಿ ಹಗ್ಗವನ್ನು ತಲೆದಿಂಬು ಮಾಡಿಕೊಳ್ಳುತ್ತಿದ್ದಳು. ಆ ಹಗ್ಗ ಗುಂಯ್ ಎನ್ನುತ್ತಿತ್ತು. ಎಚ್ಚರವಾಯಿತು. ಮೋಟರು ಓಡುತ್ತಿತ್ತು. ನಡುಮಧ್ಯಾಹ್ನ. ಓಡುತ್ತಲೇ ಇತ್ತು. ಆಮೇಲೆ ಪೈಪು ಗಾಳಿ ಬಿಟ್ಟಿತು, ಗೊರಗೊರ ಎಂದಿತು, ಮೂರೂ ಮನೆಗೆ ಕೇಳುವ ಹಾಗೆ ಕೆಮ್ಮಿ ಸುಮ್ಮನಾಯಿತು.

ನಾನು ಹಾಸಿಗೆಯ ಮೇಲೇ ಕೂತೆ. ನಮ್ಮ ಮನೆಯವರು ಬಂದು ಪಕ್ಕದಲ್ಲಿ ಕೂತರು. ಅವರೂ ಕೇಳಿಸಿಕೊಂಡಿದ್ದರು. “ಮೊದಲನೇ ಬುಟ್ಟಿ ಬೇಕಾದ್ರ ನಾನು ಹಾಕ್ತೀನಿ ಬಿಡು” ಎಂದರು. ಅವರು ಅಷ್ಟು ಮೆತ್ತಗೆ ಮಾತಾಡುವುದು ಅಪರೂಪ. ನನಗೆ ಅಳು ಬಂತು.

ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಗಾದಿಲಿಂಗಪ್ಪನವರು. ರೇಷ್ಮೆ ಪಂಚೆ ಮೊಣಕಾಲ ತನಕ ಒದ್ದೆ. ಕೈಯಲ್ಲಿ ಒಂದು ಹಿತ್ತಾಳೆಯ ಡಬರಿ.

“ಅಕ್ಕಾರ, ಆ ಪಾತಾಳಗರಡಿ ಕೊಡ್ರಿ. ನಾಗವೇಣಿ ಕೊಡ ಬಾವ್ಯಾಗ ಬಿತ್ತು. ಆಕಿ ತವರುಮನೀದು, ಆಕಿ ಕುಬಸದಾಗ ಕೊಟ್ಟಿದ್ದು. ಬಿದ್ದಾಗಿಂದ ಮಾತಾಡವಲ್ಲಳು.”

“ಡಬರಿ ಯಾಕ ತಂದ್ರಿ?”

“ನಮ್ಮವ್ವ ಕೊಟ್ಟು ಕಳಿಸಿದ್ಲು. ಬರಿಗೈಲೆ ಹೋದ್ರ ಗರಡಿ ಕೊಡಂಗಿಲ್ಲ, ಪಾತ್ರಿ ಒಯ್ಯಿ ಅಂದ್ಲು. ಯಾಕಂತ ನನಗ ತಿಳಿಲಿಲ್ಲ, ತಂದೀನಿ.”

ಒತ್ತೆ ಪಾತ್ರೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಡಬರಿ ಇಸಿದುಕೊಂಡು ಗರಡಿ ತಂದುಕೊಟ್ಟೆ. ಅವರು ಹೋಗಲಿಲ್ಲ, ಹೊಸ್ತಿಲಲ್ಲೇ ನಿಂತರು.

“ಬೋರು ಕೆಮ್ಮಿದ್ದು ಕೇಳ್ತೇನ್ರಿ?”

“ಕೇಳ್ತು.”

“ಅದನ್ನ ನಾನ ಎಬ್ಬಿಸಿದ್ದು. ಮಂದಿ ಬಂದಿದ್ರು, ಬಟ್ಟಿ ಸರಿಸಿ ಸ್ವಿಚ್ ಒತ್ತಿಬಿಟ್ಟೆ. ಮಾಬುನ್ನಿ ನನ್ನ ಭಾಳ ಬೈದಳು. ಆಮ್ಯಾಲ ಅಷ್ಟೂ ಮಂದಿಗೆ ಕೈ ತೊಳ್ಯಾಕ, ಭಾಂಡಿ ತಿಕ್ಕಾಕ ನಿಮ್ಮ ಬಾವಿ ನೀರ ಆತು.”

“ಇರಲಿ ಬಿಡ್ರಿ. ನಾಳಿ ಲಾರಿ ಬರತೈತಲ್ಲ. ಮೊದಲನೇ ಬುಟ್ಟಿ ನಂದು. ಮಾತು ಕೊಟ್ಟೀನಿ.”

ಅವರು ಗರಡಿಯ ಕೊಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. “ಕೊಡ ಇನ್ನ ಒಳಗ ಐತಿ ಅಕ್ಕಾರ. ಅದರ ಮ್ಯಾಲ ಮಣ್ಣು ಹೆಂಗ ಹಾಕಾಕ ಬರತೈತಿ? ಲಾರಿಯವಗ ಬರಬ್ಯಾಡ ಅಂದೀನಿ.”

ಆ ಸಂಜೆ ಕೊಡ ಸಿಗಲಿಲ್ಲ. ಅವರು ಟಾರ್ಚು ಬಿಟ್ಟು ಬಿಟ್ಟು ನೋಡುತ್ತ ಗರಡಿ ಆಡಿಸಿದರು. ಕಣ್ಣು ಮುಚ್ಚಿಕೊಳ್ಳಿ ಎಂದೆ, ಮುಚ್ಚಿಕೊಂಡರೆ ತಲೆ ತಿರುಗುತ್ತದೆ ಎಂದರು. ಮರುದಿನವೂ ಸಿಗಲಿಲ್ಲ. ಈಗ ಮಳೆಗಾಲ ಹತ್ತಿರ ಬಂದಿದೆ. ಗಾದಿಲಿಂಗಪ್ಪನವರು ಅಂಗಡಿಯಿಂದ ಪೈಪು ತಂದು ತಮ್ಮ ಮತ್ತು ನಮ್ಮ ಮನೆಯ ಮಾಳಿಗೆ ನೀರು ಬಾವಿಗೆ ಇಳಿಯುವ ಹಾಗೆ ಜೋಡಿಸಿದ್ದಾರೆ. ಹೇಗಿದ್ದರೂ ಹುಡುಕಲು ನೀರು ತಿಳಿಯಾಗಿರಬೇಕು ಎಂದು ಪೈಪಿನ ಬಾಯಿಗೆ ಜಾಲರಿಯನ್ನೂ ಹಾಕಿದ್ದಾರೆ. ಬಿಡುವಿದ್ದಾಗ ಬಂದು ಗರಡಿ ಬಿಟ್ಟು ತಡಕಾಡುತ್ತಾರೆ. ಗರಡಿ ಅವರ ಮನೆಯ ಗೂಟಕ್ಕೆ ತೂಗುತ್ತಿದೆ, ಡಬರಿ ನನ್ನ ಅಡಿಗೆಮನೆಯಲ್ಲಿದೆ. ಅದಕ್ಕೆ ಏಲಕ್ಕಿಯ ವಾಸನೆ.

ಮೊನ್ನೆ ಸಂಜೆ, ಬಾವಿ ಎದ್ದ ಮೇಲೆ, ನಾಗವೇಣಿ ನೀರು ಸೇದುತ್ತಿದ್ದಳು. “ಬೇಕಾದ್ರ ನಾನ ಒಮ್ಮಿ ಗರಡಿ ಬಿಟ್ಟು ನೋಡ್ಲೇನು?” ಎಂದೆ. “ನಿಮ್ಮ ಕೊಡ ನನ್ನ ಕೈಗೆ ಸಿಕ್ಕರೂ ಸಿಗಬಹುದು.”

ಅವಳು ಹಗ್ಗ ಎಳೆಯುವುದನ್ನು ನಿಲ್ಲಿಸಿ ಒಳಗೆ ಬಗ್ಗಿ ನೋಡಿದಳು. “ಬ್ಯಾಡ್ರಿ ಅಕ್ಕಾರ” ಎಂದಳು. “ನಾ ಹಿಂಗಂದಿದ್ದು ಅವರಿಗೆ ಹೇಳಬ್ಯಾಡ್ರಿ. ಅದು ಅಲ್ಲೇ ಇರಲಿ.”

ಒಳಗೆ ಹೋಗಿ ಅವರ ಡಬರಿಯಲ್ಲೇ ಮಜ್ಜಿಗೆ ತಂದುಕೊಟ್ಟೆ. ಅವಳು ಕಟ್ಟೆಯ ಮೇಲೆ ಕೂತು ನಿಧಾನವಾಗಿ ಕುಡಿದಳು. ಕುಡಿದು, ಬಾವಿಯ ನೀರಿನಲ್ಲಿ ಡಬರಿ ತೊಳೆದು, ತನ್ನ ಮನೆಯ ಪಾತ್ರೆಯನ್ನು ನನ್ನ ಕೈಗೇ ವಾಪಸು ಕೊಟ್ಟು ಹೋದಳು.